ಹ್ಯಾಡನ್‌ಫೀಲ್ಡ್ ಆಸ್ಪತ್ರೆಯ ಉದ್ದನೆಯ ರಾತ್ರಿ

ಆರು ಗುಂಡು ಹೊಡೆದೆ, ಆದರೂ ಎದ್ದುಹೋದ ಎಂದು ಡಾಕ್ಟರ್ ಲೂಮಿಸ್ ಎದುರು ಸಿಕ್ಕವರಿಗೆಲ್ಲ ಹೇಳುತ್ತಾನೆ. ಕಿವಿಗೊಟ್ಟು ಎಣಿಸಿದರೆ ಕೇಳಿಸುವುದು ಏಳು. ಸಂಕಲನದಲ್ಲಿ ಹೇಗೋ ನುಸುಳಿಕೊಂಡ ಈ ಹೆಚ್ಚುವರಿ ಗುಂಡನ್ನು ‘ಹ್ಯಾಲೋವೀನ್ 2’ರ ಅಭಿಮಾನಿಗಳಾದ ನಾವು ಪ್ರೀತಿಯಿಂದಲೇ ಎಣಿಸುತ್ತಾ ಬಂದಿದ್ದೇವೆ. ಈ ಚಿತ್ರದಲ್ಲಿ ಹುಳುಕು ಹುಡುಕಲು ಹೊರಟವರಿಗೆ ಮೊದಲ ಐದು ನಿಮಿಷದಲ್ಲೇ ಒಂದು ಸಿಗುತ್ತದೆ. ಹುಳುಕು ಬದಿಗಿಟ್ಟು ಕೂತವರಿಗೆ ಸಿಗುವುದು ಬೇರೆಯೇ: ಮುಗಿಯಲೊಲ್ಲದ ಒಂದು ರಾತ್ರಿ.

ಜಾನ್ ಕಾರ್ಪೆಂಟರ್ ಮೂರು ಲಕ್ಷ ಡಾಲರ್‌ಗಿಂತ ತುಸು ಹೆಚ್ಚು ಹಣದಲ್ಲಿ 1978ರಲ್ಲಿ ಮಾಡಿದ ‘ಹ್ಯಾಲೋವೀನ್’ ಸಿನಿಮಾದ ಕೊನೆ ಬಹಳ ಜನರಿಗೆ ಗೊತ್ತು. ಬಿಳಿ ಮುಖವಾಡದ ಮೈಕೆಲ್ ಮೈಯರ್ಸ್ ಗುಂಡೇಟು ತಿಂದು ಮಹಡಿಯಿಂದ ಕೆಳಗೆ ಬೀಳುತ್ತಾನೆ. ಅವನ ಮನೋವೈದ್ಯ ಲೂಮಿಸ್ ಬಗ್ಗಿ ನೋಡಿದರೆ ಹುಲ್ಲಿನ ಮೇಲೆ ಹೆಣವಿಲ್ಲ. ಸಿನಿಮಾ ಅಲ್ಲಿಗೆ ಮುಗಿದು, ಪ್ರೇಕ್ಷಕರು ಭಯವನ್ನು ಜೊತೆಗೇ ಮನೆಗೆ ಒಯ್ದರು. 1981ರ ಅಕ್ಟೋಬರ್ 30ರಂದು ಬಂದ ಎರಡನೇ ಭಾಗ ಶುರುವಾಗುವುದು ಅದೇ ಅಂಗಳದಲ್ಲಿ, ಅದೇ ನಿಮಿಷದಲ್ಲಿ. ‘ಕೆಲವು ವರ್ಷಗಳ ನಂತರ’ ಎಂಬ ಫಲಕವಿಲ್ಲ, ಹೊಸ ಊರಿಲ್ಲ, ಹೊಸ ಹುಡುಗಿಯಿಲ್ಲ. ಹುಲ್ಲಿನ ಮೇಲಿನ ರಕ್ತ ಇನ್ನೂ ಹಸಿ. ಗದ್ದಲ ಕೇಳಿ ಹೊರಬಂದ ನೆರೆಯವನು ಹಬ್ಬದ ಹುಡುಗಾಟ ಅತಿಯಾಯಿತೆಂದು ಗೊಣಗಿದರೆ, ಸಾವೆಂದರೆ ಏನೆಂದು ನಿನಗೆ ಗೊತ್ತೇ ಇಲ್ಲ ಎಂದು ಲೂಮಿಸ್ ಅವನ ಮೇಲೆ ಹರಿಹಾಯುತ್ತಾನೆ. ಆಮೇಲೆ ಕಪ್ಪು ಪರದೆ, ಉರಿಯುವ ಕುಂಬಳಕಾಯಿ. ಅದು ನಿಧಾನಕ್ಕೆ ಹತ್ತಿರ ಬಂದು, ಎರಡಾಗಿ ಸೀಳಿ, ಒಳಗಿನಿಂದ ತಲೆಬುರುಡೆ ಇಣುಕುತ್ತದೆ. ಕಾರ್ಪೆಂಟರ್ ಮೊದಲ ಭಾಗಕ್ಕೆ ಪಿಯಾನೋದಲ್ಲಿ ನುಡಿಸಿದ್ದ ರಾಗವನ್ನೇ ಅಲನ್ ಹೋವರ್ತ್ ಜೊತೆ ಸೇರಿ ಸಿಂಥಸೈಜರ್‌ಗೆ ಏರಿಸಿದ್ದಾರೆ. ಇಗರ್ಜಿಯ ಆರ್ಗನ್ನಿಗೆ ಜ್ವರ ಬಂದಂತಿದೆ ಆ ಸದ್ದು. ನನ್ನ ಮಟ್ಟಿಗೆ ಇಡೀ ಸರಣಿಯಲ್ಲಿ ಇದಕ್ಕಿಂತ ಒಳ್ಳೆಯ ಟೈಟಲ್ ಕಾರ್ಡ್ ಇಲ್ಲ.

ನಿರ್ದೇಶನ ಈ ಸಲ ಕಾರ್ಪೆಂಟರ್ ಅವರದಲ್ಲ. ಹಿಂದಿನ ಚಿತ್ರದ ಮುಖವಾಡ ಮಾಡಿಕೊಟ್ಟ ಟಾಮಿ ಲೀ ವ್ಯಾಲೇಸ್ ಒಲ್ಲೆ ಎಂದರು. ಅವಕಾಶ ಸಿಕ್ಕಿದ್ದು ರಿಕ್ ರೋಸೆಂಥಾಲ್ ಎಂಬ ಹೊಸಬರಿಗೆ, ಅದು ಅವರ ಮೊದಲ ಚಿತ್ರ. ಬರವಣಿಗೆ ಮಾತ್ರ ಹಳೆಯ ಜೋಡಿ ಕಾರ್ಪೆಂಟರ್ ಮತ್ತು ಡೆಬ್ರಾ ಹಿಲ್ ಅವರದೇ. ಕ್ಯಾಮೆರಾ ಹಿಡಿದವರೂ ಹಳಬರೇ, ಡೀನ್ ಕಂಡಿ. ಮುಂದೆ ‘ಬ್ಯಾಕ್ ಟು ದ ಫ್ಯೂಚರ್’, ‘ಜುರಾಸಿಕ್ ಪಾರ್ಕ್’ಗಳನ್ನು ಚಿತ್ರೀಕರಿಸಿದವರು. ಈ ಸಿನಿಮಾದ ಅರ್ಧ ಪುಣ್ಯ ಅವರಿಗೆ ಸೇರಬೇಕು.

ಟೈಟಲ್ ಮುಗಿದ ಮೇಲೆ ಕೆಲ ಹೊತ್ತು ನಾವು ಮೈಕೆಲ್‌ನ ಕಣ್ಣಿನಿಂದಲೇ ನೋಡುತ್ತೇವೆ. ಹಿತ್ತಿಲುಗಳ ನಡುವಿನ ಕತ್ತಲ ಓಣಿಯಲ್ಲಿ ಕ್ಯಾಮೆರಾ ತೇಲುತ್ತಾ ಹೋಗುತ್ತದೆ. ಒಂದು ಅಡುಗೆಮನೆಯಲ್ಲಿ ದೀಪ. ವಯಸ್ಸಾದ ಹೆಂಗಸೊಬ್ಬಳು ಗಂಡನಿಗೆ ಸ್ಯಾಂಡ್‌ವಿಚ್ ಮಾಡುತ್ತಿದ್ದಾಳೆ. ಗಂಡ ಟಿವಿ ಮುಂದೆ ತೂಕಡಿಸುತ್ತಿದ್ದಾನೆ. ಟಿವಿಯಲ್ಲಿ ಓಡುತ್ತಿರುವುದು ಜಾರ್ಜ್ ರೊಮೆರೊ ಅವರ 1968ರ ‘ನೈಟ್ ಆಫ್ ದ ಲಿವಿಂಗ್ ಡೆಡ್’. ಆಕೆ ಅತ್ತ ತಿರುಗಿ ಗಂಡನ ಜೊತೆ ಮಾತಾಡಿ ಇತ್ತ ಬರುವಷ್ಟರಲ್ಲಿ ಮಣೆಯ ಮೇಲಿದ್ದ ಚಾಕು ಮಾಯ. ಅದಿದ್ದ ಜಾಗದಲ್ಲಿ ರಕ್ತದ ಹನಿ. ಆಕೆಗೆ ಏನೂ ಆಗುವುದಿಲ್ಲ. ಕಿರುಚುತ್ತಾಳೆ, ಅಷ್ಟೇ. ಸ್ಯಾಂಡ್‌ವಿಚ್ ಅರ್ಧಕ್ಕೇ ನಿಂತಿದೆ. ಕೊಲೆಗಾರ ಬಂದದ್ದು ಚಾಕು ಎರವಲು ಪಡೆಯಲು! ಮುಂದೆ ಬರುವ ಎಷ್ಟೋ ಕೊಲೆಗಳಿಗಿಂತ ಈ ಕೊಲೆಯಾಗದ ಅಡುಗೆಮನೆ ನನ್ನನ್ನು ಹೆಚ್ಚು ಬೆಚ್ಚಿಬೀಳಿಸುತ್ತದೆ.

ಬೀದಿಯಲ್ಲಿ ಹಬ್ಬ ನಡೆದೇ ಇದೆ. ಅಕ್ಟೋಬರ್ 31ರ ರಾತ್ರಿ ವೇಷ ತೊಟ್ಟವರ ನಡುವೆ ಮುಖವಾಡದವನನ್ನು ಯಾರು ತಿರುಗಿ ನೋಡುತ್ತಾರೆ? ಭುಜದ ಮೇಲೆ ದೊಡ್ಡ ಟೇಪ್‌ರೆಕಾರ್ಡರ್ ಹೊತ್ತ ಹುಡುಗನೊಬ್ಬ ಮೈಕೆಲ್‌ಗೆ ಡಿಕ್ಕಿ ಹೊಡೆದು ಮುಂದೆ ಹೋಗುತ್ತಾನೆ. ಅದರಲ್ಲಿ ಸುದ್ದಿ ಬರುತ್ತಿದೆ: ಮೈಕೆಲ್‌ನ ದಾಳಿಯಿಂದ ಬದುಕುಳಿದ ಲೋರಿ ಸ್ಟ್ರೋಡ್‌ಳನ್ನು ಹ್ಯಾಡನ್‌ಫೀಲ್ಡ್ ಮೆಮೋರಿಯಲ್ ಆಸ್ಪತ್ರೆಗೆ ಸೇರಿಸಲಾಗಿದೆ. ಇಷ್ಟು ಸಲೀಸಾಗಿ ವಿಳಾಸ ಸಿಗುವುದು ಸಿನಿಮಾದಲ್ಲಿ ಮಾತ್ರ. ಅದೇ ಬೀದಿಯಲ್ಲಿ ಇನ್ನೊಬ್ಬ ಅಂಥದೇ ಮುಖವಾಡ ಹಾಕಿ ನಡೆಯುತ್ತಿದ್ದಾನೆ. ಲೂಮಿಸ್ ಪಿಸ್ತೂಲು ಎತ್ತುವಷ್ಟರಲ್ಲಿ ಪೊಲೀಸ್ ಕಾರು ಅವನನ್ನು ವ್ಯಾನಿಗೆ ಜಜ್ಜಿ, ಎರಡೂ ಹೊತ್ತಿ ಉರಿಯುತ್ತವೆ. ಸತ್ತವನು ಬೆನ್ ಟ್ರೇಮರ್. ಮೊದಲ ಭಾಗದಲ್ಲಿ ಲೋರಿ ನಾಚಿಕೊಂಡು ಗೆಳತಿಯ ಮುಂದೆ ಹೆಸರು ಹೇಳಿದ್ದ ಹುಡುಗ. ಅಲ್ಲಿ ಒಮ್ಮೆಯೂ ಪರದೆಯ ಮೇಲೆ ಬಾರದವನು ಇಲ್ಲಿ ಬಂದದ್ದೇ ಸುಟ್ಟು ಕರಕಲಾಗಲು. ಲೋರಿಗೆ ಇದು ಕೊನೆಯವರೆಗೂ ತಿಳಿಯುವುದಿಲ್ಲ. ಚಿತ್ರಕಥೆ ಈ ಕ್ರೌರ್ಯವನ್ನು ಒತ್ತಿ ಹೇಳದೆ ದಾಟಿಹೋಗುತ್ತದೆ.

ಇನ್ನು ಆಸ್ಪತ್ರೆ. ನಾನು ಈ ಸಿನಿಮಾಕ್ಕೆ ಮರಳಿ ಮರಳಿ ಹೋಗುವುದು ಅದರ ಕಾರಿಡಾರುಗಳಿಗಾಗಿ. ಲಾಸ್ ಏಂಜಲೀಸ್ ಕಡೆಯ ಆಸ್ಪತ್ರೆ ಕಟ್ಟಡಗಳಲ್ಲಿ ಚಿತ್ರೀಕರಿಸಿದ ಈ ಓಣಿಗಳಲ್ಲಿ ಮೂರರಲ್ಲಿ ಎರಡು ದೀಪ ಆರಿದೆ. ಉಳಿದ ದೀಪದ ಕೆಳಗೆ ಒರೆಸಿದ ನೆಲ ಒದ್ದೆಯಾಗಿ ಹೊಳೆಯುತ್ತದೆ. ಅಗಲ ಪರದೆಯ ಒಂದು ತುದಿಯಲ್ಲಿ ನರ್ಸ್ ಫೈಲು ಬರೆಯುತ್ತಿದ್ದರೆ ಇನ್ನೊಂದು ತುದಿಯಲ್ಲಿ ಬರೀ ಕತ್ತಲು, ನಮ್ಮ ಕಣ್ಣು ನರ್ಸನ್ನು ಬಿಟ್ಟು ಕತ್ತಲನ್ನೇ ಕಾಯುತ್ತದೆ. ಕಂಡಿಯವರ ಕೈಚಳಕ ಇದು. ಕಾವಲುಗಾರನ ಮುಂದಿನ ಕಪ್ಪು-ಬಿಳುಪು ಮಾನಿಟರಿನಲ್ಲಿ ಒಂದು ಆಕೃತಿ ಹಾದುಹೋಗುತ್ತದೆ. ಅವನಿಗೆ ಕಾಣುವುದಿಲ್ಲ, ನಮಗೆ ಕಾಣುತ್ತದೆ.

ಇಷ್ಟು ದೊಡ್ಡ ಆಸ್ಪತ್ರೆಯಲ್ಲಿ ರೋಗಿಗಳೆಲ್ಲಿ ಎಂದು ವಿಮರ್ಶಕರು ಅಂದಿನಿಂದಲೂ ನಗುತ್ತಿದ್ದಾರೆ. ನವಜಾತ ಶಿಶುಗಳ ಕೊಠಡಿಯನ್ನು ಒಮ್ಮೆ ತೋರಿಸಿ ಆಮೇಲೆ ಮರೆತುಬಿಡುತ್ತಾರೆ. ಕೊನೆಯ ಸ್ಫೋಟದಲ್ಲಿ ಆ ಕೂಸುಗಳ ಗತಿಯೇನು ಎಂದು ನನಗೂ ಪ್ರತಿಸಲ ಕಸಿವಿಸಿಯಾಗುತ್ತದೆ. ಆದರೂ ಆ ಖಾಲಿತನವನ್ನು ನಾನು ಬಿಟ್ಟುಕೊಡಲಾರೆ. ನಮ್ಮ ಜಿಲ್ಲಾ ಆಸ್ಪತ್ರೆಗಳ ರಾತ್ರಿ ಕಂಡವರಿಗೆ ಗೊತ್ತು: ವರಾಂಡಾದ ತುಂಬ ಚಾಪೆ, ಫ್ಲಾಸ್ಕು, ಒಬ್ಬ ರೋಗಿಗೆ ನಾಲ್ಕು ಜನ ನೆಂಟರು. ಮೈಕೆಲ್ ಅಲ್ಲಿಗೆ ಬಂದಿದ್ದರೆ ಯಾರಾದರೂ ತಡೆದು, ಯಾವ ವಾರ್ಡು, ಯಾರ ಕಡೆಯವರು ಎಂದು ಕೇಳುತ್ತಿದ್ದರು. ಹ್ಯಾಡನ್‌ಫೀಲ್ಡಿನಲ್ಲಿ ಕೇಳುವವರಿಲ್ಲ. ಲೋರಿಯ ಸಾಕುತಂದೆ-ತಾಯಿಗೆ ಫೋನ್ ಸಿಗುವುದಿಲ್ಲ. ಹುಡುಗಿ ನಿದ್ದೆಮದ್ದಿನ ಮಂಪರಿನಲ್ಲಿ ಒಬ್ಬಳೇ.

ಹಾಗೆಂದು ಜೀವವೇ ಇಲ್ಲವೆಂದಲ್ಲ. ಕಡಲ್ಗಳ್ಳನ ವೇಷದ ಹುಡುಗನೊಬ್ಬ ರಕ್ತ ಸುರಿಯುವ ಬಾಯಿ ಹಿಡಿದು ತಾಯಿಯ ಜೊತೆ ಬರುತ್ತಾನೆ. ಹಬ್ಬದ ತಿಂಡಿಯಲ್ಲಿ ಯಾರೋ ಇಟ್ಟ ಬ್ಲೇಡು ಬಾಯಲ್ಲಿ ಸಿಕ್ಕಿಕೊಂಡಿದೆ. ಅಮೆರಿಕದ ತಾಯಂದಿರು ಪ್ರತಿ ಹ್ಯಾಲೋವೀನ್‌ಗೆ ಅಂಜುತ್ತಿದ್ದುದು ಮುಖವಾಡದ ಕೊಲೆಗಾರನಿಗಲ್ಲ, ಇಂಥದಕ್ಕೆ. ಪಾರ್ಟಿಯಲ್ಲಿ ಕುಡಿದು ಬಂದ ಡಾಕ್ಟರ್ ಮಿಕ್ಸ್‌ಟರ್, ಕಟ್ಟುನಿಟ್ಟಿನ ಹೆಡ್ ನರ್ಸ್ ಮಿಸೆಸ್ ಆಲ್ವಿಸ್, ಕೆಲಸ ಕದಿಯುವ ಆಂಬ್ಯುಲೆನ್ಸ್ ಚಾಲಕ ಬಡ್, ಲೋರಿಗೆ ಕೋಕ್ ತಂದುಕೊಡುವ ಜಿಮ್ಮಿ. ರಾತ್ರಿಪಾಳಿಯ ಈ ಸಣ್ಣ ಸಂಸಾರವನ್ನು ಸಿನಿಮಾ ಅರ್ಧ ತಾಸು ಸುಮ್ಮನೆ ನೋಡುತ್ತದೆ. ಆಮೇಲೆ ಒಬ್ಬೊಬ್ಬರನ್ನೇ ತೆಗೆಯುತ್ತದೆ.

ತೆಗೆಯುವ ರೀತಿಯಲ್ಲಿ ಮಾತ್ರ ಮೊದಲ ಭಾಗದ ಸಂಯಮ ಇಲ್ಲ. 1980ರಲ್ಲಿ ‘ಫ್ರೈಡೇ ದ 13ತ್’ ಬಂದು ಪ್ರೇಕ್ಷಕರ ನಾಲಿಗೆಗೆ ರಕ್ತದ ರುಚಿ ಹತ್ತಿಸಿತ್ತು. ರೋಸೆಂಥಾಲ್ ಮಾಡಿಕೊಟ್ಟದ್ದು ಸಾಕಷ್ಟು ಬಿರುಸಾಗಿಲ್ಲವೆಂದು ಕಾರ್ಪೆಂಟರ್ ಕೆಲವು ದೃಶ್ಯಗಳನ್ನು ತಾವೇ ಚಿತ್ರೀಕರಿಸಿ ಸೇರಿಸಿದರು. ಬಿಸಿನೀರಿನ ತೊಟ್ಟಿಯ ಪ್ರಸಂಗ ಎಲ್ಲರಿಗೂ ನೆನಪಿರುವಂಥದು. ನರ್ಸ್ ಕ್ಯಾರೆನ್ ಹೆಗಲ ಮೇಲೆ ಬಿದ್ದ ಕೈಯನ್ನು ಪ್ರಿಯಕರನದೆಂದು ಭಾವಿಸಿ ಮುದ್ದಿಸುತ್ತಾಳೆ. ಹಿಂದೆಯೇ ಕುದಿನೀರು. ನನಗದು ಅತಿ ಅನ್ನಿಸುತ್ತದೆ. ನನ್ನ ಮನಸ್ಸಿನಲ್ಲಿ ನಿಂತಿರುವುದು ಜಿಲ್ ಎಂಬ ನರ್ಸಿನ ಸಾವು. ಕಾರಿಡಾರಿನ ಆ ತುದಿಯಲ್ಲಿ ಲೋರಿಯನ್ನು ಕಂಡು ಕೂಗುತ್ತಾಳೆ. ಅವಳ ಹಿಂದಿನ ಕತ್ತಲಿನಿಂದ ಮೈಕೆಲ್ ಹೊರಬಂದು ಬೆನ್ನಿಗೆ ಸ್ಕಾಲ್ಪೆಲ್ ಚುಚ್ಚಿ, ಒಂದೇ ಕೈಯಲ್ಲಿ ಅವಳನ್ನು ನೆಲದಿಂದ ಮೇಲೆತ್ತುತ್ತಾನೆ. ಕ್ಯಾಮೆರಾ ಕೆಳಗಿಳಿದು ಪಾದಗಳ ಬಳಿ ನಿಲ್ಲುತ್ತದೆ. ಬಿಳಿಯ ನರ್ಸ್ ಬೂಟುಗಳು ಕಾಲಿನಿಂದ ಕಳಚಿ, ಟಪ್ ಎಂದು ನೆಲಕ್ಕೆ ಬೀಳುತ್ತವೆ. ರಕ್ತಕ್ಕಿಂತ ಆ ಬೂಟಿನ ಸದ್ದು ಘೋರ.

ಅಲ್ಲಿಂದ ಬೆನ್ನಟ್ಟುವಿಕೆ. ಲೋರಿ ಕುಂಟುತ್ತಾ ಓಡುತ್ತಾಳೆ, ಮೈಕೆಲ್ ನಡೆಯುತ್ತಾನೆ. ಅವಸರವಿಲ್ಲ. ಲಿಫ್ಟಿನ ಬಾಗಿಲು ಇನ್ನೇನು ಮುಚ್ಚಬೇಕು, ಅವನದು ಅದೇ ಹೆಜ್ಜೆ. ಸ್ಟಂಟ್ ಕಲಾವಿದ ಡಿಕ್ ವಾರ್ಲಾಕ್ ಆ ನಡಿಗೆಗೆ ಯಂತ್ರದ ಗಡಸು ತಂದಿದ್ದಾರೆ. ಮೊದಲ ಭಾಗದ ನಿಕ್ ಕ್ಯಾಸಲ್ ನಡಿಗೆಯಲ್ಲಿ ಬೆಕ್ಕಿನ ಕುತೂಹಲವಿತ್ತು, ಇಲ್ಲಿ ಅದಿಲ್ಲ. ಮುಖವಾಡ ಮಾತ್ರ ಅದೇ, ‘ಸ್ಟಾರ್ ಟ್ರೆಕ್’ನ ಕ್ಯಾಪ್ಟನ್ ಕಿರ್ಕ್ ಮುಖಕ್ಕೆ ಬಿಳಿ ಬಣ್ಣ ಬಳಿದದ್ದು. ಡೆಬ್ರಾ ಹಿಲ್ ಅದನ್ನು ಮಂಚದ ಕೆಳಗೆ ಇಟ್ಟಿದ್ದರು, ಅವರ ಸಿಗರೇಟಿನ ಹೊಗೆಗೆ ಹಳದಿಯಾಯಿತು ಎಂದು ಹೇಳುತ್ತಾರೆ. ಆ ಮಾಸಿದ, ಹಿಗ್ಗಿದ ಮುಖ ಆಸ್ಪತ್ರೆಯ ಬೆಳಕಿಗೆ ಸರಿಯಾಗಿ ಹೊಂದಿಕೊಂಡಿತು. ಲೋರಿಯಾಗಿ ನಟಿಸಿದ ಜೇಮೀ ಲೀ ಕರ್ಟಿಸ್ ಅವರದು ವಿಗ್. ನಡುವೆ ಕೂದಲು ಕತ್ತರಿಸಿಕೊಂಡಿದ್ದರು. ಅದು ವಿಗ್ ಎಂದು ಎದ್ದು ಕಾಣುತ್ತದೆ, ಇರಲಿ ಬಿಡಿ. ಮಾತು ಹೆಚ್ಚಿಲ್ಲದ ಪಾತ್ರವನ್ನು ಅವರು ಉಸಿರಿನಲ್ಲೇ ನಡೆಸಿದ್ದಾರೆ. ಪಾರ್ಕಿಂಗ್ ಜಾಗದಲ್ಲಿ ತೆವಳುತ್ತಾ, ಬಂದಿಳಿದ ಲೂಮಿಸ್‌ನನ್ನು ಕೂಗಲು ಬಾಯಿ ತೆರೆದರೆ ದನಿಯೇ ಹೊರಡದ ಆ ಗಳಿಗೆ ನೋಡಿ!

ಈ ಸಿನಿಮಾದ ಮೇಲೆ ನನಗಿರುವ ದೊಡ್ಡ ತಕರಾರು ಒಂದೇ. ಲೂಮಿಸ್‌ನನ್ನು ಊರಿನಿಂದ ಹೊರಗೆ ಸಾಗಿಸುವ ಕಾರಿನಲ್ಲಿ ನರ್ಸ್ ಮಾರಿಯನ್ ಒಂದು ಗುಟ್ಟು ಬಿಚ್ಚುತ್ತಾಳೆ: ಲೋರಿ ಮೈಕೆಲ್‌ನ ತಂಗಿ. ಮೊದಲ ಭಾಗದಲ್ಲಿ ಇದರ ಸುಳಿವೇ ಇಲ್ಲ, ಇರಲು ಸಾಧ್ಯವೂ ಇರಲಿಲ್ಲ. ರಾತ್ರಿ ಬಿಯರ್ ಕುಡಿಯುತ್ತಾ ಬರೆಯುವಾಗ ಬೇರೇನೂ ತೋಚದೆ ಹೊಳೆದದ್ದು ಎಂದು ಕಾರ್ಪೆಂಟರ್ ಅವರೇ ಒಪ್ಪಿಕೊಂಡಿದ್ದಾರೆ. ಮೊದಲ ಚಿತ್ರದ ಭಯವೆಲ್ಲ ಕಾರಣವಿಲ್ಲದ್ದರಲ್ಲಿತ್ತು. ಯಾವ ಮನೆಯ ಕಿಟಕಿಯಾದರೂ ಆಗಬಹುದಿತ್ತು. ಕಾರಣ ಸಿಕ್ಕ ಕೂಡಲೇ ಅದು ಒಂದು ಕುಟುಂಬದ ಜಗಳವಾಗಿಬಿಟ್ಟಿತು. ಮುಂದಿನ ಸರಣಿ ಬಹುಪಾಲು ಅಣ್ಣ-ತಂಗಿ, ಸೊಸೆ, ಮಗ ಎಂದು ವಂಶವೃಕ್ಷ ಹಿಡಿದು ನಡೆಯಿತು. 2018ರಲ್ಲಿ ಬಂದ ಹೊಸ ‘ಹ್ಯಾಲೋವೀನ್’ ಈ ನೆಂಟಸ್ತಿಕೆ ಜನ ಕಟ್ಟಿದ ಕಥೆ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಿತು. ಅದರ ಜೊತೆ ನನ್ನ ಮೆಚ್ಚಿನ ಸಿನಿಮಾವನ್ನೂ ಅಳಿಸಿಹಾಕಿತು ಎಂಬುದು ಬೇರೆ ಮಾತು. ಆದರೆ ಅದೇ ಸಾಲಿನ ‘ಹ್ಯಾಲೋವೀನ್ ಕಿಲ್ಸ್’ 2021ರಲ್ಲಿ ಲೋರಿಯನ್ನು ಮತ್ತೆ ಆಸ್ಪತ್ರೆಯ ಮಂಚದ ಮೇಲೇ ಮಲಗಿಸಿತು! ರಾಬ್ ಝಾಂಬಿ 2009ರಲ್ಲಿ ಮಾಡಿದ ಚಿತ್ರವೂ ಆರಂಭದಲ್ಲಿ ಆಸ್ಪತ್ರೆಯ ಕಾರಿಡಾರಿನಲ್ಲೇ ಓಡುತ್ತದೆ.

ಬಿಡುಗಡೆಯಾದಾಗ ವಿಮರ್ಶಕರು ಕೈಬಿಟ್ಟರು. ಮೊದಲ ಭಾಗವನ್ನು ಹೊಗಳಿದ್ದ ರೋಜರ್ ಈಬರ್ಟ್ ಇದಕ್ಕೆ ಎರಡೇ ನಕ್ಷತ್ರ ಕೊಟ್ಟರು. ಜನ ಕೈಬಿಡಲಿಲ್ಲ, ಸುಮಾರು 25 ಲಕ್ಷ ಡಾಲರ್‌ನ ಚಿತ್ರ ಅಮೆರಿಕದಲ್ಲೇ ಅದರ ಹತ್ತುಪಟ್ಟು ಗಳಿಸಿತು. ಕಾರ್ಪೆಂಟರ್‌ಗೂ ಈ ಕೂಸಿನ ಮೇಲೆ ಅಕ್ಕರೆಯಿಲ್ಲ. ನನಗಿದೆ.

ಕೊನೆಯಂತೂ ಬೆಂಕಿಯೇ. ಆಪರೇಷನ್ ಥಿಯೇಟರಿನಲ್ಲಿ ಲೋರಿ ಅವನ ಹೆಸರು ಹಿಡಿದು ಕರೆಯುತ್ತಾಳೆ. ಒಂದು ಕ್ಷಣ ತಲೆ ವಾಲಿಸಿ ನಿಂತ ಅವನ ಎರಡೂ ಕಣ್ಣಿಗೆ ಗುಂಡು ಹೊಡೆಯುತ್ತಾಳೆ. ಬಿಳಿ ಮುಖವಾಡದ ಕಣ್ಣುಗಳಿಂದ ರಕ್ತ ಇಳಿಯುತ್ತಿದೆ, ಕೈಯ ಸ್ಕಾಲ್ಪೆಲ್ ಗಾಳಿಯನ್ನು ಸೀಳುತ್ತಿದೆ, ಸುತ್ತ ಅನಿಲ ಸೋರುವ ಸದ್ದು. ಲೂಮಿಸ್ ಆಗಿ ಡೊನಾಲ್ಡ್ ಪ್ಲೆಸೆನ್ಸ್ ಆ ಹೊತ್ತಿಗೆ ಸುಸ್ತಾದ ಮುದುಕ. ಅವಳನ್ನು ಹೊರಗೆ ಕಳಿಸಿ ಲೈಟರ್ ಗೀರುತ್ತಾನೆ. ಉರಿಯುತ್ತಲೇ ನಾಲ್ಕು ಹೆಜ್ಜೆ ನಡೆದುಬಂದು ಮೈಕೆಲ್ ಕುಸಿಯುತ್ತಾನೆ. ಬೆಳಗಾಗುತ್ತದೆ. ಲೋರಿಯನ್ನು ಆಂಬ್ಯುಲೆನ್ಸಿಗೆ ಏರಿಸುತ್ತಾರೆ. ಹಿನ್ನೆಲೆಯಲ್ಲಿ ಕಾರ್ಡೆಟ್ಸ್ ತಂಡದ 1954ರ ‘ಮಿಸ್ಟರ್ ಸ್ಯಾಂಡ್‌ಮನ್’, ನಿದ್ದೆ ತರುವವನನ್ನು ಕರೆಯುವ ಆ ಸಿಹಿ ಹಾಡು, ರಾತ್ರಿಯಿಡೀ ನಿದ್ದೆಗೆ ಹೆದರಿದ ಹುಡುಗಿಗೆ.

ನೋಡುವುದಾದರೆ ಬಿಡಿಯಾಗಿ ನೋಡಬೇಡಿ. ಮೊದಲನೆಯದು 91 ನಿಮಿಷ, ಎರಡನೆಯದು 92. ಎರಡೂ ಸೇರಿದರೆ ನಮ್ಮ ಹಳೆಯ ಸಿನಿಮಾಗಳ ಒಂದು ಆಟದಷ್ಟೇ. ದೀಪ ಆರಿಸಿ, ಮೊದಲನೆಯದರ ಹಿಂದೆಯೇ ಎರಡನೆಯದನ್ನು ಹಾಕಿ, ಒಂದೇ ರಾತ್ರಿಯ ಕಥೆಯಾಗಿ ನೋಡಿ. ನರ್ಸ್ ಮಾರಿಯನ್ ಕಾರಿನಲ್ಲಿ ಗುಟ್ಟು ಹೇಳಲು ಬಾಯಿ ತೆರೆದಾಗ ಮಾತ್ರ ಎದ್ದು ಹೋಗಿ ಕಾಫಿ ಮಾಡಿಕೊಂಡು ಬನ್ನಿ. ಏನೂ ಕಳೆದುಕೊಳ್ಳುವುದಿಲ್ಲ.