ಕಬ್ಬಿನ ಸಿಪ್ಪೆ, ಏಡಿಯ ಚಿಪ್ಪು ಮತ್ತು ಕುಡಿಯುವ ನೀರು

ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದು ನಮ್ಮಲ್ಲಿ ಹಿಂದಿನಿಂದ ಬಂದ ರೂಢಿ. ಅದು ಬರಿಯ ಶಾಸ್ತ್ರಕ್ಕೆ ಮಾಡುವ ಕೆಲಸವಲ್ಲ. ಹಳೆಯ ಸೀರೆಯನ್ನು ಹಲವು ಮಡಿಕೆ ಮಾಡಿ ನೀರು ಸೋಸಿದ ಬಾಂಗ್ಲಾದೇಶದ ಹಳ್ಳಿಗಳಲ್ಲಿ ಕಾಲರಾ ಸುಮಾರು ಅರ್ಧದಷ್ಟು ಇಳಿಯಿತೆಂದು ರೀಟಾ ಕೋಲ್ವೆಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದರು. ಸೀರೆಯ ರಂಧ್ರವಾದರೋ ಕಾಲರಾ ರೋಗಾಣುವಿಗಿಂತ ಎಷ್ಟೋ ದೊಡ್ಡದು! ರೋಗಾಣುಗಳು ಅಂಟಿಕೊಂಡಿರುವ ಸಣ್ಣ ಜಲಜೀವಿಗಳು ಬಟ್ಟೆಯಲ್ಲಿ ಉಳಿಯುತ್ತವೆ. ಒಂಟಿಯಾಗಿ ತೇಲುವ ರೋಗಾಣು ನುಸುಳಿಹೋಗುತ್ತದೆ. ಅದನ್ನೂ ಹಿಡಿಯಬೇಕಾದರೆ ಇನ್ನೂ ನಯವಾದ ನೂಲು ಬೇಕು.

ಅಂಥ ನೂಲು ನಮ್ಮ ತಾಲ್ಲೂಕಿನ ಕಬ್ಬಿನಲ್ಲಿಯೇ ಇದೆ. ಕೊಪ್ಪ, ಕೆ. ಎಂ. ದೊಡ್ಡಿಗಳ ಕಡೆ ಬೆಳೆಯುವ ಕಬ್ಬಿನ ರಸ ತೆಗೆದ ಮೇಲೆ ಉಳಿಯುವ ಸಿಪ್ಪೆ ಸಾಮಾನ್ಯವಾಗಿ ಒಲೆಗೋ ಕಾರ್ಖಾನೆಯ ಬಾಯ್ಲರಿಗೋ ಹೋಗುತ್ತದೆ. ಅದರ ಒಣತೂಕದಲ್ಲಿ ನೂರಕ್ಕೆ 40ರಿಂದ 50 ಪಾಲು ಸೆಲ್ಯುಲೋಸ್. 1838ರಲ್ಲಿ ಪಾಯೆನ್ ಎಂಬ ಫ್ರೆಂಚ್ ವಿಜ್ಞಾನಿ ಗುರುತಿಸಿದ ಈ ವಸ್ತು ಸಸ್ಯದಲ್ಲಿ ಕೆಲವೇ ನ್ಯಾನೊಮೀಟರ್ ದಪ್ಪದ ಎಳೆಗಳ ಕಟ್ಟಾಗಿರುತ್ತದೆ. ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ಕಾಲರಾ ರೋಗಾಣುವಿನ ಅಗಲ ಸುಮಾರು 500 ನ್ಯಾನೊಮೀಟರ್ ಎಂಬುದನ್ನು ನೆನೆದರೆ ಆ ಎಳೆಯ ನಯ ತಿಳಿದೀತು.

ಕಟ್ಟನ್ನು ಬಿಡಿಸುವುದೇ ಕಷ್ಟ. ಸಿಪ್ಪೆಯನ್ನು ಕ್ಷಾರದಲ್ಲಿ ಬೇಯಿಸಿ, ಎಳೆಗಳನ್ನು ಬೆಸೆದಿರುವ ಲಿಗ್ನಿನ್ ಎಂಬ ಅಂಟನ್ನು ಕಳೆದು, ಉಳಿದ ತಿರುಳನ್ನು ಅಧಿಕ ಒತ್ತಡದಿಂದ ಕಿರಿದಾದ ಕಂಡಿಯಲ್ಲಿ ಹಾಯಿಸಬೇಕು. ಆಗ ಗಂಜಿಯಂಥ ದ್ರವ ಸಿಗುತ್ತದೆ. ಅದನ್ನು ಕಾಗದ ಮಾಡುವಂತೆ ಜಾಲರಿಯ ಮೇಲೆ ಬಸಿದು ಒಣಗಿಸಿದರೆ ಎಳೆಗಳು ಅಡ್ಡಾದಿಡ್ಡಿ ಹೆಣೆದುಕೊಂಡು ಪೊರೆಯಾಗುತ್ತದೆ. ರಂಧ್ರ ಕಿರಿದಾದಷ್ಟೂ ನೀರು ನಿಧಾನವಾಗಿ ಇಳಿಯುತ್ತದೆ. ಒತ್ತಿ ಹಾಯಿಸಲು ಶಕ್ತಿ ಬೇಕು.

ಗದ್ದೆಯ ಬದುವಿನ ಏಡಿಯ ಚಿಪ್ಪಿನಲ್ಲಿಯೂ ಇಂಥದೇ ಎಳೆಯುಂಟು. ಅದರ ಹೆಸರು ಕೈಟಿನ್. ಆಮ್ಲದಿಂದ ಸುಣ್ಣದ ಅಂಶವನ್ನೂ ಕ್ಷಾರದಿಂದ ಪ್ರೋಟೀನನ್ನೂ ಕಳೆದು, ಮತ್ತೆ ತೀವ್ರ ಕ್ಷಾರದಲ್ಲಿ ಬೇಯಿಸಿದರೆ ಕೈಟೊಸಾನ್ ಆಗುತ್ತದೆ. ಇದರ ಗುಣ ಬೇರೆ. ಸ್ವಲ್ಪ ಹುಳಿಯಾದ ನೀರಿನಲ್ಲಿ ಇದು ಧನ ವಿದ್ಯುದಂಶ ಪಡೆಯುತ್ತದೆ. ಬ್ಯಾಕ್ಟೀರಿಯಗಳ ಮೈಮೇಲೆ ಸಾಮಾನ್ಯವಾಗಿ ಇರುವುದು ಋಣ ವಿದ್ಯುದಂಶ. ಆದ್ದರಿಂದ ಇದು ಜರಡಿಯಂತೆ ತಡೆಯುವುದಷ್ಟೇ ಅಲ್ಲ, ಸೆಳೆದು ಹಿಡಿಯುತ್ತದೆ. ಮದರಾಸಿನ ಐ.ಐ.ಟಿ.ಯ ಟಿ. ಪ್ರದೀಪ್ ಮತ್ತು ಸಂಗಡಿಗರು ಕೈಟೊಸಾನಿನ ಜೊತೆ ಲೋಹದ ಸಂಯುಕ್ತಗಳನ್ನು ಬೆಸೆದು ನೀರು ಶುದ್ಧಿಮಾಡುವ ಹರಳುಗಳನ್ನು ತಯಾರಿಸಿ 2013ರಲ್ಲಿ ವರದಿಮಾಡಿದರು.

ಕೊಳವೆ ಬಾವಿಯ ನೀರಿನಲ್ಲಿ ಕರಗಿರುವ ಫ್ಲೋರೈಡ್ ಮಾತ್ರ ಬರಿಯ ಸೆಲ್ಯುಲೋಸ್ ಪೊರೆಗೆ ಸಿಕ್ಕದು. ಅದಕ್ಕೆ ಬೇರೆ ಉಪಾಯ ಬೇಕು. ಸಾಲದುದಕ್ಕೆ ಈ ಪೊರೆಯನ್ನೇ ತಿಂದು ಬದುಕುವ ಸೂಕ್ಷ್ಮಜೀವಿಗಳೂ ಇವೆ!

ಮದ್ದೂರಿನ ಎಳನೀರು ಮಾರುಕಟ್ಟೆಯ ಬುರುಡೆಗಳೂ ಆಗಬಹುದಲ್ಲವೇ ಎಂದು ಓದುಗರು ಕೇಳಬಹುದು. ಆದೀತು. ಆದರೆ ತೆಂಗಿನ ನಾರಿನಲ್ಲಿ ಲಿಗ್ನಿನ್ ಹೆಚ್ಚು, ಕಳೆಯಲು ಕ್ಷಾರವೂ ಹೆಚ್ಚು. ಹಾಗೆ ಬೇಯಿಸಿದ ಕಪ್ಪು ನೀರನ್ನು ಶಿಂಷಾ ನದಿಗೆ ಬಿಡದೆ ಎಲ್ಲಿ, ಹೇಗೆ ಶುದ್ಧಿಮಾಡುವುದೆಂಬುದನ್ನು ಮೊದಲು ಗೊತ್ತುಮಾಡಬೇಕು.