ಖಾಲಿ ಫ್ಲಾಪಿಯಲ್ಲಿದ್ದ ಮೂವತ್ತೆಂಟು ಹಾಡು

ದಸರಾ ರಜೆಗೆ ಊರಿಗೆ ಹೋದಾಗ ಅಟ್ಟ ಸ್ವಚ್ಛ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಅವ್ವನ ಎಂ.ಎ. ಪುಸ್ತಕಗಳ ಟ್ರಂಕಿನ ತಳದಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ಸಿಕ್ಕಿತು. ಒಳಗೆ ಹನ್ನೆರಡು ಫ್ಲಾಪಿಗಳು. ನನ್ನ ವಯಸ್ಸಿನವರಿಗೆ ಫ್ಲಾಪಿ ಎಂದರೆ ‘ಸೇವ್’ ಗುಂಡಿಯ ಮೇಲಿನ ಚಿತ್ರ, ಅಷ್ಟೇ. ಕೈಯಲ್ಲಿ ಹಿಡಿದದ್ದು ಅದೇ ಮೊದಲು. ಒಂದರ ಮೇಲೆ ಮಾಸಿದ ನೀಲಿ ಶಾಯಿಯಲ್ಲಿ ‘ಹಾಡು, 2003’ ಎಂದಿತ್ತು.

ಗದಗ ಕಡೆಯ ನಮ್ಮ ಹಳ್ಳಿಯಲ್ಲಿ ಅಜ್ಜಿ ಬೀಸುಕಲ್ಲಿನ ಪದ ಹೇಳುವುದರಲ್ಲಿ ಹೆಸರಾಗಿದ್ದಳು. ಅವ್ವ ಎಂ.ಎ. ಮಾಡುವಾಗ ಅವನ್ನೆಲ್ಲ ಬರೆದುಕೊಂಡು, ಪೇಟೆಯ ಕಂಪ್ಯೂಟರ್ ಸೆಂಟರಿಗೆ ಹೋಗಿ ತಾನೇ ನುಡಿಯಲ್ಲಿ ಟೈಪ್ ಮಾಡಿದ್ದಳು. ಕೈಬರಹದ ನೋಟ್‌ಬುಕ್ ಮಳೆಗೆ ಹೋಯಿತು. ಕಾಲೇಜಿಗೆ ಕೊಟ್ಟ ಪ್ರತಿ ಆಮೇಲೆ ಕೇಳಿದಾಗ ಸಿಗಲಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಅಜ್ಜಿಯೂ ಹೋದಳು. ನಾನು ಫ್ಲಾಪಿ ಎತ್ತಿ ತೋರಿಸಿದರೆ ಅವ್ವ ತಿರುಗಿಯೂ ನೋಡಲಿಲ್ಲ. ‘ಅದ್ರಾಗ ಏನಿಲ್ಲ ಬಿಡು. ಹಾಡು ನಾನ ಅಳಿಸೀನಿ’ ಅಂದಳು.

ಯಾಕೆ ಅಳಿಸಿದಳು ಎನ್ನುವುದು ಆಮೇಲೆ ಗೊತ್ತಾಯಿತು. ಆಗ ಎಂ.ಎ. ಮುಗಿದು ಕೆಲಸ ಹುಡುಕುವ ಕಾಲ. ಯಾವುದೋ ಸಂದರ್ಶನಕ್ಕೆ ಬಯೋಡೇಟಾ ಒಯ್ಯಬೇಕಿತ್ತು. ಹೊಸ ಫ್ಲಾಪಿಗೆ ದುಡ್ಡು ಯಾಕೆ, ಹಾಡಿನ ಪ್ರಿಂಟ್ ಹೇಗೂ ಕಾಲೇಜಿನಲ್ಲಿದೆಯಲ್ಲ ಎಂದುಕೊಂಡು ಇದನ್ನೇ ಖಾಲಿ ಮಾಡಿದ್ದಳು.

ನಾನು ಬಿ.ಇ. ಓದುತ್ತಿರುವ ಊರಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿಯವರೊಬ್ಬರ ಬಳಿ ಯುಎಸ್‌ಬಿಗೆ ಸಿಕ್ಕಿಸುವ ಫ್ಲಾಪಿ ಡ್ರೈವ್ ಇತ್ತು. ಹದಿನೈದು ದಿನದ ಮಟ್ಟಿಗೆ ಕೇಳಿ ತಂದೆ. ಡಬ್ಬಿಯಲ್ಲಿ ಉಳಿದ ಫ್ಲಾಪಿಗಳಲ್ಲಾದರೂ ಏನಾದರೂ ಇರಬಹುದು, ಎಲ್ಲವನ್ನೂ ಒಂದೊಂದು ಇಮೇಜ್ ಮಾಡಿ ಇಟ್ಟುಬಿಡೋಣ ಎಂಬುದಷ್ಟೇ ಆಗಿನ ಯೋಚನೆ.

ಇಮೇಜ್ ಎಂದರೆ ಫೋಟೊ ಅಲ್ಲ. ಫೈಲುಗಳನ್ನು ಎಳೆದು ಕಾಪಿ ಮಾಡಿದರೆ ಫೈಲುಗಳಷ್ಟೇ ಬರುತ್ತವೆ. ಇಮೇಜ್‌ನಲ್ಲಿ ಡಿಸ್ಕಿನ ಪ್ರತಿಯೊಂದು ಸೆಕ್ಟರ್, ಅದರಲ್ಲಿ ಏನಿದೆ ಏನಿಲ್ಲ ಎಂದು ನೋಡದೆ, ಇದ್ದಂತೆ ಒಂದು ಫೈಲಿಗೆ ಬರುತ್ತದೆ. ಫ್ಲಾಪಿಗೆ ಎರಡು ಮುಖ, ಮುಖಕ್ಕೆ 80 ಟ್ರ್ಯಾಕ್, ಟ್ರ್ಯಾಕಿಗೆ 18 ಸೆಕ್ಟರ್, ಸೆಕ್ಟರಿಗೆ 512 ಬೈಟ್. ಗುಣಿಸಿದರೆ 14,74,560. ಇದನ್ನು 1.44 ಎಂಬಿ ಎಂದು ಕರೆದವರ ಲೆಕ್ಕ ವಿಚಿತ್ರ. ಒಮ್ಮೆ 1024ರಿಂದ, ಇನ್ನೊಮ್ಮೆ 1000ದಿಂದ ಭಾಗಿಸಿದರೆ ಮಾತ್ರ ಆ ಅಂಕಿ ಬರುತ್ತದೆ!

ಲಿನಕ್ಸ್‌ನಲ್ಲಿ ಇದಕ್ಕೆ ಒಂದು ಸಾಲಿನ ಕಮಾಂಡ್ ಸಾಕು. ಆದರೆ ಅದರಲ್ಲಿ ಎಲ್ಲಿಂದ, ಎಲ್ಲಿಗೆ ಎನ್ನುವುದು ಅದಲುಬದಲಾದರೆ ಮುಗಿಯಿತು. ಅವ್ವನ ವಸ್ತುವಿನ ಮೇಲೆ ಆ ಧೈರ್ಯ ಬರಲಿಲ್ಲ. ಹಾಗಾಗಿ ಫ್ರಾನ್ಸಿನ ಜಿಲ್ ವೊಲಾಂ ಬರೆದ ವಿನ್‌ಇಮೇಜ್ ಎಂಬ ಹಳೆಯ ವಿಂಡೋಸ್ ಪ್ರೋಗ್ರಾಂ ಹಾಕಿಕೊಂಡೆ. ಕೊಳ್ಳುವ ಮೊದಲು 30 ದಿನ ಪ್ರಯೋಗಕ್ಕೆ ಬಳಸಬಹುದು. ಡಿಸ್ಕ್ ಮೆನುವಿನಲ್ಲಿ ಓದುವ ಆಯ್ಕೆ ಒತ್ತಿದರೆ ಟ್ರ್ಯಾಕುಗಳು ಒಂದೊಂದಾಗಿ ಬರುತ್ತವೆ. ಮುಗಿದ ಮೇಲೆ ಒಳಗಿನ ಫೈಲುಗಳ ಪಟ್ಟಿ ಎದುರಿಗೆ ಕಾಣುತ್ತದೆ, ಬೇಕಾದ್ದನ್ನು ಮೌಸಿನಲ್ಲೇ ಹೊರಗೆ ಎಳೆದುಕೊಳ್ಳಬಹುದು. ಉಳಿಸುವಾಗ ಐಎಂಎ ಎಂದು ಕೊಟ್ಟರೆ ಇದ್ದ ಗಾತ್ರದಲ್ಲೇ, ಐಎಂಝಡ್ ಎಂದು ಕೊಟ್ಟರೆ ಕುಗ್ಗಿಸಿ ಉಳಿಸುತ್ತದೆ. ಐಎಂಝಡ್ ಬೇರೇನಲ್ಲ, ನಾವೆಲ್ಲ ಬಳಸುವ ಜಿಪ್ ಫೈಲೇ.

ಕೆಲಸ ಶುರು ಮಾಡುವ ಮೊದಲು ಫ್ಲಾಪಿಯ ಮೂಲೆಯ ಚಿಕ್ಕ ಮುಚ್ಚಳ ಸರಿಸಿ ತೂತು ಕಾಣುವಂತೆ ಮಾಡಿದೆ. ತೂತು ತೆರೆದಿದ್ದರೆ ಕಂಪ್ಯೂಟರ್ ಆ ಫ್ಲಾಪಿಗೆ ಬರೆಯಲಾಗದು, ಓದಬಹುದು ಮಾತ್ರ. ಇದು ಎಷ್ಟು ಮುಖ್ಯ ಎಂದು ಮೊದಲ ಫ್ಲಾಪಿ ಹಾಕಿದಾಗಲೇ ತಿಳಿಯಿತು. ‘ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕು, ಮಾಡಲೇ?’ ಎಂದು ವಿಂಡೋಸ್ ಬಹಳ ವಿನಯದಿಂದ ಕೇಳಿತು. ಅಭ್ಯಾಸಬಲದಿಂದ ನನ್ನ ಬೆರಳು ಎಂಟರ್ ಕೀ ಹತ್ತಿರ ಹೋಗಿಯೇಬಿಟ್ಟಿತ್ತು.

ನಾಲ್ಕು ಫ್ಲಾಪಿ ಮುಗಿಸಿ ‘ಹಾಡು, 2003’ ಹಾಕಿದೆ. ಕರಕರ ಸದ್ದು. ಒಂದು ಕಡೆ ಓದಲಾಗದ ಸೆಕ್ಟರ್ ಬಂತು. ನಿಲ್ಲಿಸಲೇ, ಮತ್ತೆ ಪ್ರಯತ್ನಿಸಲೇ, ಬಿಟ್ಟು ಮುಂದೆ ಹೋಗಲೇ ಎಂಬ ಪ್ರಶ್ನೆ. ಹತ್ತು ಸಲ ಪ್ರಯತ್ನಿಸಿ, ಬಿಟ್ಟು ಮುಂದೆ ಹೋದೆ. ಪಟ್ಟಿಯಲ್ಲಿ ಒಂದೇ ಫೈಲ್: ಬಯೋಡೇಟಾ, 24 ಕೆಬಿ. ಅವ್ವ ಹೇಳಿದ್ದು ನಿಜ. ಐಎಂಝಡ್ ಆಗಿ ಉಳಿಸಿ ಗಾತ್ರ ನೋಡಿದೆ: 236 ಕೆಬಿ.

ಅಲ್ಲಿ ನಿಂತೆ. ಹಿಂದಿನ ದಿನ ಅಭ್ಯಾಸಕ್ಕೆಂದು ಬಳಸದ ಫ್ಲಾಪಿಯೊಂದನ್ನು ಹೀಗೇ ಕುಗ್ಗಿಸಿದ್ದೆ. ಅದು ಎರಡು ಕೆಬಿ ಆಸುಪಾಸಿಗೆ ಇಳಿದಿತ್ತು. ಫಾರ್ಮ್ಯಾಟ್ ಆದ ಹೊಸ ಫ್ಲಾಪಿಯ ಖಾಲಿ ಜಾಗದಲ್ಲೆಲ್ಲ ಒಂದೇ ಬೈಟ್ ತುಂಬಿರುತ್ತದೆ. ‘ಇದನ್ನೇ ಹದಿನಾಲ್ಕು ಲಕ್ಷ ಸಲ ಬರೆ’ ಎಂದು ಹೇಳಲು ಎಷ್ಟು ಜಾಗ ಬೇಕು? 24 ಕೆಬಿಯ ಒಂದು ಬಯೋಡೇಟಾ ಇದ್ದರೆ ಹೆಚ್ಚೆಂದರೆ ಹತ್ತು ಕೆಬಿ ಆಗಬೇಕು. 236 ಆಗಿದೆ ಎಂದರೆ ಖಾಲಿ ಎನ್ನುವ ಜಾಗ ಖಾಲಿ ಇಲ್ಲ. ಅಲ್ಲಿ ಒಂದರಂತೆ ಇನ್ನೊಂದಿಲ್ಲದ ಬೈಟ್‌ಗಳಿವೆ.

ಆಪರೇಟಿಂಗ್ ಸಿಸ್ಟಮ್ಸ್ ಪರೀಕ್ಷೆಯಲ್ಲಿ ಫೈಲ್ ಅಲೋಕೇಶನ್ ಟೇಬಲ್ ಬಗ್ಗೆ ಹತ್ತು ಅಂಕದ ಉತ್ತರ ಬರೆದಿದ್ದೆ. ಉರು ಹೊಡೆದದ್ದು, ಅರ್ಥವಾದದ್ದಲ್ಲ. ಈಗ ಅದೇ ಪಾಠ ಮತ್ತೆ ತೆಗೆದೆ. ಫ್ಲಾಪಿಯಲ್ಲಿ ಫೈಲ್ ಅಳಿಸಿದಾಗ ಎರಡೇ ಕೆಲಸ ಆಗುತ್ತವೆ. ಪಟ್ಟಿಯಲ್ಲಿ ಹೆಸರಿನ ಮೊದಲ ಅಕ್ಷರದ ಜಾಗಕ್ಕೆ ಇ5 ಎಂಬ ಗುರುತು ಬೀಳುತ್ತದೆ. ಟೇಬಲ್‌ನಲ್ಲಿ ಆ ಫೈಲಿನ ಸೆಕ್ಟರುಗಳ ಕೊಂಡಿ ಸೊನ್ನೆಯಾಗುತ್ತದೆ. ಒಳಗಿನ ಅಕ್ಷರಗಳನ್ನು ಯಾರೂ ಮುಟ್ಟುವುದಿಲ್ಲ. ಫೈಲ್ ಎಲ್ಲಿ ಶುರುವಾಗಿತ್ತು, ಎಷ್ಟು ಉದ್ದವಿತ್ತು ಎಂಬುದೂ ಪಟ್ಟಿಯಲ್ಲಿ ಉಳಿದಿರುತ್ತದೆ. (ಇಂದಿನ ಲ್ಯಾಪ್‌ಟಾಪ್‌ಗಳ ಎಸ್‌ಎಸ್‌ಡಿಯಲ್ಲಿ ಈ ಭಾಗ್ಯ ಸಾಮಾನ್ಯವಾಗಿ ಇಲ್ಲ. ಅಳಿಸಿದ ಜಾಗವನ್ನು ಟ್ರಿಮ್ ಎಂಬ ವ್ಯವಸ್ಥೆ ನಿಜವಾಗಿಯೂ ಖಾಲಿ ಮಾಡಿಸುತ್ತದೆ.)

ಹೆಕ್ಸ್ ಎಡಿಟರಿನಲ್ಲಿ ಇಮೇಜ್ ತೆರೆದರೆ ಪಟ್ಟಿಯಲ್ಲಿ ಬಯೋಡೇಟಾದ ಕೆಳಗೆ ಸಾಲಾಗಿ ಮೊದಲ ಅಕ್ಷರ ಕಳೆದುಕೊಂಡ ಹೆಸರುಗಳು. 02ರಿಂದ 41ರವರೆಗೆ. ಹಾಡಿಗೊಂದು ವರ್ಡ್ ಫೈಲ್. ಅವ್ವ ಹೊಸ ಫ್ಲಾಪಿಯಲ್ಲಿ ಒಂದಾದ ಮೇಲೊಂದು ಉಳಿಸುತ್ತ ಹೋಗಿದ್ದರಿಂದ ಅವು ಚದುರದೆ ಸಾಲಾಗಿ ಕೂತಿದ್ದವು, ಕೊಂಡಿ ಇಲ್ಲದಿದ್ದರೂ ನಡೆಯುತ್ತಿತ್ತು. ಶುರುವಿನ ಜಾಗ ಮತ್ತು ಉದ್ದ ಓದಿ ಅಷ್ಟು ಬೈಟ್ ಕತ್ತರಿಸಿ ಕೊಡುವ ಮೂವತ್ತು ಸಾಲಿನ ಪೈಥಾನ್ ಪ್ರೋಗ್ರಾಂ ಬರೆದೆ. ಮೊದಲ ಮೂರು ಸಲ ತಪ್ಪಾಯಿತು. ಡೇಟಾ 33ನೇ ಸೆಕ್ಟರಿನಿಂದ ಶುರು, ಅದರ ಎಣಿಕೆ ಮಾತ್ರ ಎರಡರಿಂದ ಶುರು ಎಂಬುದನ್ನು ಮರೆತಿದ್ದೆ. ರಾತ್ರಿ ಎರಡು ಗಂಟೆಗೆ ಒಂದು ಫೈಲ್ ವರ್ಡ್‌ನಲ್ಲಿ ತೆರೆದುಕೊಂಡಿತು.

ತೆರೆದರೆ ಕನ್ನಡವೇ ಇಲ್ಲ! ಇಂಗ್ಲಿಷಿನ ಪಿ, ಅದರ ಪಕ್ಕ ತಲೆಯ ಮೇಲೆ ಗೀಟಿರುವ ಎ, ಪೌಂಡ್ ಚಿಹ್ನೆ. ಒಂದು ಕ್ಷಣ ಎದೆ ಧಸಕ್ಕೆಂದಿತು. ಆಮೇಲೆ ಹೊಳೆಯಿತು, ಆಗಿನ ನುಡಿ ಯುನಿಕೋಡ್ ಅಲ್ಲ. ಪಿ ಮತ್ತು ಗೀಟಿನ ಎ ಸೇರಿದರೆ ‘ಕ’. ಫಾಂಟ್ ಹಾಕಿದೊಡನೆ ಪರದೆ ಕನ್ನಡವಾಯಿತು. ಮರುದಿನ ಎಲ್ಲವನ್ನೂ ಯುನಿಕೋಡ್‌ಗೆ ಪರಿವರ್ತಿಸಿದೆ. ಒತ್ತಕ್ಷರಗಳು ಅಲ್ಲಲ್ಲಿ ಕೆಟ್ಟಿವೆ, ಕೈಯಲ್ಲೇ ತಿದ್ದಬೇಕು.

ಮೂವತ್ತೆಂಟು ಹಾಡು ಇಡಿಯಾಗಿ ಸಿಕ್ಕಿದವು. 27ನೆಯದರ ನಡುವೆ ಓದಲಾಗದ ಎರಡು ಸೆಕ್ಟರಿನಷ್ಟು ತೂತು. ಬಯೋಡೇಟಾ ಕೂತದ್ದು ಸರಿಯಾಗಿ ಮೊದಲ ಹಾಡಿನ ಜಾಗದಲ್ಲಿ. ಅದು ಪೂರ್ತಿ ಹೋಯಿತು, ಎರಡನೆಯದರ ಮೊದಲ ಎಂಟು ಸೆಕ್ಟರನ್ನೂ ತಿಂದಿತು. ಎರಡನೆಯದನ್ನು ವರ್ಡ್ ತೆರೆಯಲಿಲ್ಲ. ಹೆಕ್ಸ್ ಎಡಿಟರಿನಿಂದಲೇ ಬಾಲದ ಸಾಲುಗಳನ್ನು ಎತ್ತಿಕೊಂಡೆ.

ನನ್ನ ಕೆಲಸದ ಮೇಲೆ ನನಗೇ ನಂಬಿಕೆ ಸಾಲದೆ, ಐಎಂಝಡ್ ಅನ್ನು ಆ ಬಳಸದ ಫ್ಲಾಪಿಗೆ ಮತ್ತೆ ಬರೆಯಿಸಿ, ಅದನ್ನು ಇನ್ನೊಮ್ಮೆ ಓದಿ ಎರಡೂ ಇಮೇಜ್‌ಗಳನ್ನು ಹೋಲಿಸಿದೆ. ಒಂದು ಬೈಟೂ ವ್ಯತ್ಯಾಸವಿಲ್ಲ. ಹೊಸ ಫ್ಲಾಪಿಯನ್ನು ವಿಂಡೋಸ್‌ನಲ್ಲಿ ತೆರೆದರೆ ಅದೂ ಬಯೋಡೇಟಾ ಒಂದನ್ನೇ ತೋರಿಸುತ್ತದೆ. ಅಳಿಸಿದ ಹಾಡುಗಳು ಅಳಿಸಿದ ಸ್ಥಿತಿಯಲ್ಲೇ ಅಲ್ಲಿಗೂ ಹೋಗಿದ್ದವು.

ಬಯೋಡೇಟಾ ಚೆನ್ನಾಗಿಯೇ ಇದೆ. ವಯಸ್ಸು 23. ಹವ್ಯಾಸ ಎಂಬಲ್ಲಿ ‘ಜನಪದ ಗೀತೆಗಳ ಸಂಗ್ರಹ’ ಎಂದಿದೆ. ಆ ಕೆಲಸ ಅವ್ವನಿಗೆ ಸಿಗಲಿಲ್ಲವಂತೆ.

ದೀಪಾವಳಿಗೆ ಪ್ರಿಂಟ್ ತೆಗೆದು ಒಯ್ದೆ. ಅವ್ವ ಕನ್ನಡಕ ಹಾಕಿಕೊಂಡು ಎರಡನೇ ಹಾಡಿನ ಬಾಲ ಓದಿದವಳೇ ಅದರ ತಲೆಯನ್ನು ರಾಗದಲ್ಲಿ ಹೇಳಿದಳು, ಬರೆದುಕೊಂಡೆ. 27ರ ತೂತೂ ತುಂಬಿತು. ಮೊದಲನೆಯದು ಯಾವ ಹಾಡು ಎನ್ನುವುದೇ ಅವಳಿಗೆ ನೆನಪಾಗುತ್ತಿಲ್ಲ. ಚಿಕ್ಕಮ್ಮನಿಗೆ ಫೋನ್ ಮಾಡಿ ಅಜ್ಜಿ ಬೀಸಲು ಕೂತಾಗ ಮೊದಲು ಯಾವುದನ್ನು ಎತ್ತುತ್ತಿದ್ದಳು ಎಂದು ಕೇಳಿದಳು. ಇಬ್ಬರೂ ಬೇರೆ ಬೇರೆ ಹೇಳಿ ಅರ್ಧ ಗಂಟೆ ಜಗಳವಾಡಿದರು.

ಡ್ರೈವ್ ಸೋಮವಾರ ವಾಪಸ್ ಕೊಡಬೇಕು. ಡಬ್ಬಿಯಲ್ಲಿ ಇನ್ನೂ ಏಳು ಫ್ಲಾಪಿಗಳಿವೆ, ಎರಡರ ಮೇಲೆ ಹೆಸರೇ ಇಲ್ಲ.