ಹಳೆಯ ಕಾರು: ದುರಸ್ತಿಯೋ, ವಿದಾಯವೋ?

ಬ್ರಿಟನ್ನಿನಲ್ಲಿ ನೆಲೆಸಿರುವ ಮಕ್ಕಳಿಗೆ ಊರಿನಿಂದ ಬರುವ ವಿಡಿಯೊ ಕರೆಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತದೆ: "ಇನ್ನೂ ಅದೇ ಕಾರೇನಪ್ಪಾ?" ಪೌಂಡಿನಲ್ಲಿ ಸಂಬಳ ಪಡೆಯುವ ಮಗನೋ ಮಗಳೋ ಹದಿಮೂರು ಹದಿನಾಲ್ಕು ವರ್ಷ ಹಳೆಯದಾದ ಕಾರಿನಲ್ಲಿ ಓಡಾಡುವುದು ಹಿರಿಯರಿಗೆ ಒಗಟಾಗಿ ಕಾಣುತ್ತದೆ. ನಮ್ಮ ಊರುಗಳಲ್ಲಿ ಕಾರು ಮನೆತನದ ಏಳಿಗೆಯ ಗುರುತು. ಹೊಸ ಕಾರು ಬಂದರೆ ಚಕ್ರದಡಿ ನಿಂಬೆಹಣ್ಣು ಇಟ್ಟು ಪೂಜೆ ಮಾಡಿಸಿ, ಬೀದಿಗೆಲ್ಲ ಸಿಹಿ ಹಂಚುವ ರೂಢಿಯಿದೆ. ಇಲ್ಲಿ ಅಕ್ಕಪಕ್ಕದವರು ನಿಮ್ಮ ಕಾರಿನ ವಯಸ್ಸನ್ನು ಗಮನಿಸುವುದೇ ಕಡಿಮೆ. ಆದರೆ ಆ ಹಳೆಯ ಕಾರನ್ನು ಇಟ್ಟುಕೊಳ್ಳಬೇಕೇ, ಬಿಡಬೇಕೇ ಎಂಬ ನಿರ್ಧಾರ ಮಾತ್ರ ವಲಸೆ ಬಂದ ಕುಟುಂಬವನ್ನು ವರ್ಷಕ್ಕೊಮ್ಮೆಯಾದರೂ ಕಾಡುತ್ತದೆ. ಅದರ ಹಿಂದೆ ಇರುವುದು ಜಿಪುಣತನವಲ್ಲ; ವೀಸಾ, ಸಾಲ, ಪಾಳಿಯ ಕೆಲಸ, ಊರಿಗೆ ಕಳುಹಿಸಬೇಕಾದ ಹಣ ಇವೆಲ್ಲವನ್ನೂ ಒಳಗೊಂಡ ಲೆಕ್ಕಾಚಾರ.

ವರ್ಷಕ್ಕೊಮ್ಮೆ ಬರುವ ಪರೀಕ್ಷೆ

ಕರ್ನಾಟಕದಲ್ಲಿ ಖಾಸಗಿ ಕಾರಿನ ನೋಂದಣಿ 15 ವರ್ಷಗಳವರೆಗೆ ಊರ್ಜಿತ. ಅಲ್ಲಿಯವರೆಗೆ ಹೊಗೆ ತಪಾಸಣೆಯ ಪ್ರಮಾಣಪತ್ರವೊಂದಿದ್ದರೆ ಸಾಕು. ಆರ್‌ಟಿಒ ಕಚೇರಿಯ ಮುಂದೆ ಕಾರನ್ನು ನಿಲ್ಲಿಸಿ ಅದರ ಯೋಗ್ಯತೆಯನ್ನು ಸಾಬೀತುಪಡಿಸಬೇಕಾದ ಸಂದರ್ಭ ಆ ಬಳಿಕವೇ ಬರುತ್ತದೆ. ಇಂಗ್ಲೆಂಡ್, ಸ್ಕಾಟ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಕಾರಿಗೆ ಮೂರು ವರ್ಷ ತುಂಬಿದ ಮೇಲೆ ಪ್ರತಿ ವರ್ಷವೂ ಎಂಒಟಿ ಎಂಬ ಪರೀಕ್ಷೆ ಕಡ್ಡಾಯ. ಸಾರಿಗೆ ಸಚಿವಾಲಯದ ಹಳೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳೇ ಈ ಮೂರು ಅಕ್ಷರಗಳು. ಸಚಿವಾಲಯದ ಹೆಸರು ಬದಲಾದರೂ ಪರೀಕ್ಷೆಯ ಹೆಸರು ಉಳಿದುಕೊಂಡಿದೆ. 1960ರಲ್ಲಿ ಇದು ಜಾರಿಗೆ ಬಂದಾಗ ಹತ್ತು ವರ್ಷ ದಾಟಿದ ವಾಹನಗಳಿಗಷ್ಟೇ ಅನ್ವಯಿಸುತ್ತಿತ್ತು. ಮರುವರ್ಷ ಏಳಕ್ಕೆ, 1967ರಲ್ಲಿ ಮೂರಕ್ಕೆ ಇಳಿಯಿತು.

ಕಾರಿನ ಪರೀಕ್ಷೆಗೆ ಗ್ಯಾರೇಜುಗಳು ಪಡೆಯಬಹುದಾದ ಗರಿಷ್ಠ ಶುಲ್ಕ 54.85 ಪೌಂಡ್. ಬ್ರೇಕು, ಸ್ಟಿಯರಿಂಗು, ಸಸ್ಪೆನ್ಷನ್ನು, ಟೈರು, ದೀಪ, ಸೀಟ್ ಬೆಲ್ಟು, ಹೊಗೆಯ ಪ್ರಮಾಣ, ಅಡಿಭಾಗದ ತುಕ್ಕು ಇವೆಲ್ಲವನ್ನೂ ನೋಡಿ, ಕಂಡ ದೋಷಗಳನ್ನು ಅಪಾಯಕಾರಿ, ಗಂಭೀರ, ಸಣ್ಣ ಎಂದು ವಿಂಗಡಿಸುತ್ತಾರೆ. ಮೊದಲೆರಡರಲ್ಲಿ ಒಂದಿದ್ದರೂ ಕಾರು ಅನುತ್ತೀರ್ಣ. ಮುಂದೆ ತೊಂದರೆ ಕೊಡಬಹುದಾದ ಭಾಗಗಳನ್ನು 'ಸಲಹೆ' ಎಂಬ ಶೀರ್ಷಿಕೆಯಡಿ ಬರೆದುಕೊಡುತ್ತಾರೆ. ಎಂಒಟಿ ಇಲ್ಲದ ಕಾರನ್ನು ಓಡಿಸಿದರೆ 1,000 ಪೌಂಡಿನವರೆಗೆ ದಂಡ ಬೀಳಬಹುದು.

ಇಲ್ಲಿ ಒಂದು ಸೂಕ್ಷ್ಮವನ್ನು ಹೊಸಬರು ಅರಿತಿರಬೇಕು. ಎಂಜಿನ್, ಕ್ಲಚ್ ಮತ್ತು ಗೇರ್‌ಬಾಕ್ಸ್‌ಗಳ ಸ್ಥಿತಿ ಈ ಪರೀಕ್ಷೆಯ ವ್ಯಾಪ್ತಿಗೆ ಬರುವುದಿಲ್ಲ. ಆದ್ದರಿಂದ ಉತ್ತೀರ್ಣವಾದ ಕಾರು ಮರುವಾರವೇ ದಾರಿಯಲ್ಲಿ ನಿಲ್ಲಬಹುದು. ಅನುತ್ತೀರ್ಣವಾದ ಕಾರಿನ ಎಂಜಿನ್ ಇನ್ನೂ ಐದು ವರ್ಷ ಬಾಳುವಷ್ಟು ಗಟ್ಟಿಯಾಗಿಯೂ ಇರಬಹುದು. ಪರೀಕ್ಷೆಯ ಹಾಳೆ ಹೇಳುವುದು ಕಾರು ಆ ದಿನ ರಸ್ತೆಗೆ ಸುರಕ್ಷಿತವೇ ಎಂಬುದನ್ನಷ್ಟೆ.

ಕೂಲಿಯ ಬೆಲೆ, ಉಪ್ಪಿನ ಬಾಧೆ

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬಿಡಿಭಾಗ ತಂದು ಪರಿಚಯದ ಮೆಕ್ಯಾನಿಕ್ ಕೈಗೆ ಕೊಟ್ಟರೆ ಸಂಜೆಯೊಳಗೆ ಕಾರು ಮನೆ ಸೇರುತ್ತದೆ. ಅಲ್ಲಿ ಬಿಡಿಭಾಗದ ಬೆಲೆಯೇ ಮುಖ್ಯ, ಕೂಲಿ ಅಷ್ಟಾಗಿ ಹೊರೆಯೆನಿಸುವುದಿಲ್ಲ. ಬ್ರಿಟನ್ನಿನಲ್ಲಿ ಈ ಲೆಕ್ಕ ತಲೆಕೆಳಗು. ಸಾಮಾನ್ಯ ಗ್ಯಾರೇಜಿನಲ್ಲೂ ಗಂಟೆಯ ಕೂಲಿ ಸುಲಭವಾಗಿ 60–70 ಪೌಂಡ್ ಮುಟ್ಟುತ್ತದೆ. ಕಂಪನಿಯ ಅಧಿಕೃತ ಮಾರಾಟಗಾರರಲ್ಲಿ ಅದು ಇನ್ನೂ ಬಹಳ ಹೆಚ್ಚು. ಅದರ ಮೇಲೆ ಶೇ 20ರಷ್ಟು ಮೌಲ್ಯವರ್ಧಿತ ತೆರಿಗೆ. ಮೂವತ್ತು ಪೌಂಡಿನ ಭಾಗವೊಂದನ್ನು ಬದಲಿಸಲು ಮೂರು ಗಂಟೆ ಹಿಡಿದರೆ ಬಿಲ್ಲು ಇನ್ನೂರೈವತ್ತನ್ನು ದಾಟಿಬಿಡುತ್ತದೆ.

ಇನ್ನೊಂದು ಶತ್ರು ತುಕ್ಕು. ಚಳಿಗಾಲದಲ್ಲಿ ರಸ್ತೆಗಳು ಹೆಪ್ಪುಗಟ್ಟದಂತೆ ಸ್ಥಳೀಯ ಆಡಳಿತಗಳು ಕಲ್ಲುಪ್ಪನ್ನು ಎರಚುತ್ತವೆ. ಆ ಉಪ್ಪುನೀರು ಕಾರಿನ ಅಡಿಭಾಗಕ್ಕೆ ಸಿಡಿದು, ಬ್ರೇಕಿನ ಲೋಹದ ಕೊಳವೆಗಳನ್ನೂ ಬಾಗಿಲ ಕೆಳಗಿನ ಉಕ್ಕಿನ ಪಟ್ಟಿಯನ್ನೂ ವರ್ಷ ವರ್ಷ ಸ್ವಲ್ಪಸ್ವಲ್ಪವಾಗಿ ತಿನ್ನುತ್ತದೆ. ಮೇಲ್ನೋಟಕ್ಕೆ ಥಳಥಳಿಸುವ ಕಾರಿನ ಒಡಲು ಒಳಗೊಳಗೇ ಟೊಳ್ಳಾಗುವುದು ಹೀಗೆ.

ಕೆಟ್ಟ ಕಾರು ಉಳಿದ ಬಗೆ

ಮಿಡ್‌ಲ್ಯಾಂಡ್ಸ್ ಪ್ರದೇಶದ ಪಟ್ಟಣವೊಂದರಲ್ಲಿ ನನಗೆ ಪರಿಚಯವಿರುವ ಹಾಸನ ಮೂಲದ ಕುಟುಂಬವೊಂದಿದೆ. ಪತ್ನಿ ಆಸ್ಪತ್ರೆಯಲ್ಲಿ ನರ್ಸ್. ತಿಂಗಳಲ್ಲಿ ಹಲವು ರಾತ್ರಿಪಾಳಿ. ಭಾನುವಾರ ಬೆಳಗ್ಗೆ ಪಾಳಿ ಮುಗಿಸಿ ಹೊರಬಂದರೆ ಬಹಳ ಹೊತ್ತು ಬಸ್ಸಿಲ್ಲ. ಅವರದು 2011ರ ಪೆಟ್ರೋಲ್ ಕಾರು. ಕಳೆದ ಎಂಒಟಿಯಲ್ಲಿ ಅದು ಅನುತ್ತೀರ್ಣವಾಯಿತು: ಮುಂದಿನ ಸ್ಪ್ರಿಂಗ್ ಮುರಿದಿತ್ತು, ಬ್ರೇಕ್ ಕೊಳವೆ ತುಕ್ಕು ಹಿಡಿದಿತ್ತು, ಬಾಗಿಲ ಕೆಳಗಿನ ಪಟ್ಟಿಗೆ ಬೆಸುಗೆ ಬೇಕಿತ್ತು. ಗ್ಯಾರೇಜು ಕೊಟ್ಟ ಅಂದಾಜು 880 ಪೌಂಡ್. ಅಂಥದೇ ಕಾರು ಮಾರುಕಟ್ಟೆಯಲ್ಲಿ ಸುಮಾರು 1,500 ಪೌಂಡಿಗೆ ಸಿಗುತ್ತಿತ್ತು.

ಬಳಕೆಯಲ್ಲಿರುವ ಸೂತ್ರವೊಂದಿದೆ: ದುರಸ್ತಿಯ ವೆಚ್ಚ ಕಾರಿನ ಬೆಲೆಯ ಅರ್ಧವನ್ನು ಮೀರಿದರೆ ಕಾರನ್ನು ಬಿಟ್ಟುಬಿಡಿ. ಈ ಸೂತ್ರದ ಪ್ರಕಾರ ಆ ಕಾರಿನ ಕಥೆ ಅಂದೇ ಮುಗಿಯಬೇಕಿತ್ತು. ಊರಿನಿಂದ ಅತ್ತೆಯವರೂ ಅದನ್ನೇ ಹೇಳಿದರು: "ಹಳೇದಕ್ಕೆ ಯಾಕಮ್ಮ ದುಡ್ಡು ಸುರೀತೀರಿ? ಕಂತಿನ ಮೇಲೆ ಹೊಸದು ತಗೊಳ್ಳಿ." ಸೊಸೆ ಕಾಗದದ ಮೇಲೆ ಲೆಕ್ಕ ಬರೆದರು. ಹೊಸ ಚಿಕ್ಕ ಕಾರಿಗೆ ಅವರಿಗೆ ಹೇಳಿದ ಕಂತು ತಿಂಗಳಿಗೆ 240 ಪೌಂಡ್, ಅಂದರೆ ವರ್ಷಕ್ಕೆ 2,880. ಅವರ ಹಳೆಯ ಕಾರಿನ ರಸ್ತೆ ತೆರಿಗೆ ವರ್ಷಕ್ಕೆ 35 ಪೌಂಡ್. 2017ರ ಏಪ್ರಿಲ್ ನಂತರ ನೋಂದಣಿಯಾದ ಬಹುತೇಕ ಕಾರುಗಳಿಗೆ ಅದು ಸುಮಾರು 200. ವಿಮೆಯ ಕಂತೂ ಏರುತ್ತಿತ್ತು. ಇನ್ನು ಹಳೆಯ ಕಾರಿಗೆ 880 ಕೊಟ್ಟು, ಅದರ ಮೇಲೆ ವರ್ಷದಲ್ಲಿ ಇನ್ನೂ 400 ಖರ್ಚಾಗಬಹುದೆಂದು ಹಿಡಿದರೂ ಒಟ್ಟು 1,280.

ಈ ಅಂತರಕ್ಕಿಂತ ದೊಡ್ಡ ಕಾರಣವೊಂದಿತ್ತು. ನುರಿತ ಕೆಲಸಗಾರರ ವೀಸಾದಲ್ಲಿರುವ ಈ ಕುಟುಂಬ ಶಾಶ್ವತ ವಾಸದ ಅನುಮತಿಗೆ ಅರ್ಜಿ ಹಾಕಬೇಕು. ಅದರ ಶುಲ್ಕ ತಲಾ ಮೂರು ಸಾವಿರ ಪೌಂಡ್ ದಾಟುತ್ತದೆ. ಗಂಡ, ಹೆಂಡತಿ, ಮಗು ಸೇರಿ ಒಂಬತ್ತು ಸಾವಿರಕ್ಕೂ ಹೆಚ್ಚು. ಐದು ವರ್ಷಗಳ ವಾಸದ ಬಳಿಕ ದೊರೆಯುತ್ತಿದ್ದ ಈ ಅರ್ಹತೆಯನ್ನು ಸಾಮಾನ್ಯವಾಗಿ ಹತ್ತು ವರ್ಷಕ್ಕೆ ಏರಿಸುವ ಪ್ರಸ್ತಾವವನ್ನು ಸರ್ಕಾರ 2025ರ ಮೇ ತಿಂಗಳ ಶ್ವೇತಪತ್ರದಲ್ಲಿ ಮುಂದಿಟ್ಟ ಮೇಲೆ ಇಂಥ ಕುಟುಂಬಗಳ ಆತಂಕ ಹೆಚ್ಚಿದೆ. ನಾಳೆ ಎಲ್ಲಿರುತ್ತೇವೆ ಎಂಬುದೇ ತಿಳಿಯದಾಗ ನಾಲ್ಕು ವರ್ಷಗಳ ಕಂತಿಗೆ ಸಹಿ ಹಾಕುವುದು ಹೇಗೆ? ವೀಸಾ ಮುಗಿದರೂ ಕಾರಿನ ಸಾಲ ತಾನಾಗಿ ಮುಗಿಯುವುದಿಲ್ಲ. ಒಟ್ಟು ಮೊತ್ತದ ಅರ್ಧದಷ್ಟು ಕಟ್ಟಿದ ಮೇಲೆ ಕಾರನ್ನು ಮರಳಿಸಿ ಹೊರಬರುವ ಹಕ್ಕು ಕಾನೂನಿನಲ್ಲಿದೆ, ನಿಜ. ಆದರೆ ಇಂಥ ಒಪ್ಪಂದಗಳಲ್ಲಿ ದೊಡ್ಡ ಮೊತ್ತವೊಂದು ಕೊನೆಯ ಕಂತಿಗೆಂದು ಉಳಿದಿರುವುದರಿಂದ ಆ ಅರ್ಧದ ಗೆರೆ ಬಹಳ ತಡವಾಗಿ ಬರುತ್ತದೆ.

ಒಪ್ಪಿಗೆ ಕೊಡುವ ಮೊದಲು ಆಕೆ ಮೆಕ್ಯಾನಿಕ್‌ನನ್ನು ಇನ್ನೊಂದು ಪ್ರಶ್ನೆ ಕೇಳಿದ್ದರು: ಇದನ್ನು ಸರಿಪಡಿಸಿದರೆ ಮುಂದಿನ ಎರಡು ವರ್ಷಗಳಲ್ಲಿ ಇನ್ನೇನು ಬರಬಹುದು? ಆತ ಕಾರನ್ನು ಮೇಲೆತ್ತಿ ತೋರಿಸಿ, ಎರಡು ಟೈರು, ಪ್ರಾಯಶಃ ಕ್ಲಚ್. ಎಂಜಿನ್ ಗಟ್ಟಿಯಾಗಿದೆ, ಉಳಿದ ಕಡೆ ತುಕ್ಕು ಮೇಲ್ಮೈಯಲ್ಲಷ್ಟೇ ಇದೆ ಎಂದ. ಕಾರು ಉಳಿಯಿತು.

ಚೆನ್ನಾಗಿದ್ದ ಕಾರು ಹೋದ ಬಗೆ

ಇದಕ್ಕೆ ತದ್ವಿರುದ್ಧವಾದ ಉದಾಹರಣೆ ಲಂಡನ್ನಿನ ಹ್ಯಾರೋ ಪ್ರದೇಶದಲ್ಲಿರುವ ಹುಬ್ಬಳ್ಳಿ ಮೂಲದ ಮಿತ್ರರೊಬ್ಬರದು. ಅವರ 2012ರ ಡೀಸೆಲ್ ಕಾರು ಎಂಒಟಿಯಲ್ಲಿ ಒಂದು ಸಲಹೆಯೂ ಇಲ್ಲದೆ ಉತ್ತೀರ್ಣವಾಗಿತ್ತು. ಆದರೆ 2023ರ ಆಗಸ್ಟ್ 29ರಂದು ಲಂಡನ್ನಿನ ಅತಿ ಕಡಿಮೆ ಮಾಲಿನ್ಯ ವಲಯವು ನಗರದ ಎಲ್ಲ ಬರೋಗಳಿಗೂ ವಿಸ್ತರಿಸಿತು. ಮಾನದಂಡಕ್ಕೆ ಹೊಂದದ ಕಾರು ರಸ್ತೆಗಿಳಿದ ದಿನವೆಲ್ಲ 12.50 ಪೌಂಡ್ ತೆರಬೇಕು. ವಾರಕ್ಕೆ ಐದು ದಿನದಂತೆ ವರ್ಷಕ್ಕೆ 46 ವಾರ ಕೆಲಸಕ್ಕೆ ಹೋದರೆ 2,875 ಪೌಂಡ್! ಕಾರಿನ ಬೆಲೆಯೇ ಅಷ್ಟಿರಲಿಲ್ಲ.

ಈ ನಿಯಮದಲ್ಲಿ ವಯಸ್ಸಿಗಿಂತ ಇಂಧನಕ್ಕೆ ಹೆಚ್ಚಿನ ಪ್ರಾಮುಖ್ಯ. ಪೆಟ್ರೋಲ್ ಕಾರಿಗೆ ಯೂರೋ 4 ಮಾನದಂಡ ಸಾಕು. 2006ರ ಪೆಟ್ರೋಲ್ ಕಾರು ಕೂಡ ಸಾಮಾನ್ಯವಾಗಿ ಶುಲ್ಕವಿಲ್ಲದೆ ಸಂಚರಿಸಬಹುದು. ಡೀಸೆಲ್‌ಗೆ ಯೂರೋ 6 ಬೇಕು. ಅಂದರೆ ಹೆಚ್ಚುಕಡಿಮೆ 2015ರ ಸೆಪ್ಟೆಂಬರ್ ನಂತರ ನೋಂದಣಿಯಾದವು ಮಾತ್ರ. ಮಿತ್ರರು ತಮ್ಮ ಡೀಸೆಲ್ ಕಾರನ್ನು ಇಂಥ ವಲಯವಿಲ್ಲದ ಊರಿನವರೊಬ್ಬರಿಗೆ ಮಾರಿ, ಅದಕ್ಕಿಂತ ಎರಡು ವರ್ಷ ಹಳೆಯದಾದ ಪೆಟ್ರೋಲ್ ಕಾರನ್ನು ಕೊಂಡರು. ಬರ್ಮಿಂಗ್‌ಹ್ಯಾಮ್ ನಗರದ ನಡುಭಾಗದಲ್ಲೂ 2021ರಿಂದ ಇದೇ ಬಗೆಯ ವಲಯವಿದ್ದು, ಕಾರುಗಳಿಗೆ ದಿನಕ್ಕೆ 8 ಪೌಂಡ್ ವಿಧಿಸಲಾಗುತ್ತದೆ. ಸ್ಕಾಟ್ಲೆಂಡಿನ ಗ್ಲಾಸ್ಗೊದಲ್ಲಿ ಶುಲ್ಕವೆಂಬುದೇ ಇಲ್ಲ. ಹೊಂದದ ವಾಹನ ಒಳಹೊಕ್ಕರೆ ನೇರವಾಗಿ ದಂಡ.

ಕೇಳಿಕೊಳ್ಳಬೇಕಾದ ಪ್ರಶ್ನೆಗಳು

ಈ ಎರಡು ಕುಟುಂಬಗಳೂ ಕೈಬಿಟ್ಟದ್ದು ಒಂದೇ ಪ್ರಶ್ನೆಯನ್ನು: ನನ್ನ ಕಾರಿನ ಬೆಲೆ ಎಷ್ಟು? ಮಾರಬೇಕೆಂದಿರುವವರಿಗಷ್ಟೇ ಆ ಬೆಲೆ ಮುಖ್ಯ. ಓಡಿಸುವವರು ಕೇಳಬೇಕಾದದ್ದು ಬೇರೆ: ಮುಂದಿನ ಹನ್ನೆರಡು ತಿಂಗಳು ಈ ಕಾರಿನಲ್ಲಿ ಓಡಾಡಲು ಎಷ್ಟಾಗುತ್ತದೆ, ಬೇರೊಂದರಲ್ಲಿ ಎಷ್ಟಾಗುತ್ತದೆ? ದುರಸ್ತಿ, ವಿಮೆ, ತೆರಿಗೆ, ಇಂಧನ, ವಲಯದ ಶುಲ್ಕ, ಕಂತು ಎಲ್ಲವನ್ನೂ ಎರಡು ಸಾಲಿನಲ್ಲಿ ಬರೆದು ನೋಡಿದರೆ ಉತ್ತರ ಬಹುಮಟ್ಟಿಗೆ ತಾನಾಗಿ ಹೊರಬೀಳುತ್ತದೆ. ಹೊಸ ಕಾರು ಮೊದಲ ಕೆಲವು ವರ್ಷಗಳಲ್ಲೇ ತನ್ನ ಬೆಲೆಯ ದೊಡ್ಡ ಪಾಲನ್ನು ಕಳೆದುಕೊಳ್ಳುತ್ತದೆ ಎಂಬುದನ್ನೂ ಆ ಪಟ್ಟಿಯಲ್ಲಿ ಸೇರಿಸಬೇಕು.

ಎರಡನೆಯ ಪ್ರಶ್ನೆ ದೋಷದ ಸ್ವರೂಪದ್ದು. ಬ್ರೇಕಿನ ಡಿಸ್ಕು, ಸ್ಪ್ರಿಂಗು, ಟೈರು, ಬ್ಯಾಟರಿ ಇವು ಸವೆಯುವ ಭಾಗಗಳು. ಬದಲಿಸಿದರೆ ಕೆಲವು ವರ್ಷ ಚಿಂತೆಯಿಲ್ಲ. ಒಡಲಿನ ಮುಖ್ಯ ಚೌಕಟ್ಟಿಗೇ ತುಕ್ಕು ಹಿಡಿದಿದ್ದರೆ ಒಂದು ಕಡೆ ಬೆಸುಗೆ ಹಾಕಿದಂತೆ ಇನ್ನೊಂದು ಕಡೆ ಬಾಯ್ತೆರೆಯುತ್ತದೆ. ಅಂಥ ಕಾರಿಗೆ ಹಣ ಹಾಕುವುದು ಸೋರುವ ಕೊಡಕ್ಕೆ ನೀರು ತುಂಬಿದಂತೆ. ಎರಡೆರಡು ತಿಂಗಳಿಗೊಮ್ಮೆ ದಾರಿಯಲ್ಲಿ ನಿಲ್ಲುವ ಕಾರು ರಾತ್ರಿಪಾಳಿಯ ನರ್ಸಿಗೆ ಎಷ್ಟೇ ಅಗ್ಗವಾದರೂ ದುಬಾರಿಯೇ. ಮಧ್ಯರಾತ್ರಿ ಮೋಟಾರು ಹೆದ್ದಾರಿಯ ಅಂಚಿನಲ್ಲಿ ಮಗುವಿನೊಡನೆ ನಿಲ್ಲುವ ಭಯಕ್ಕೆ ಪೌಂಡಿನಲ್ಲಿ ಬೆಲೆ ಕಟ್ಟಲಾಗದು.

ಗ್ಯಾರೇಜಿನ ಮಾತನ್ನು ನಂಬುವುದು ಹೇಗೆ ಎಂಬ ಸಂಶಯಕ್ಕೂ ಉಪಾಯವಿದೆ. ಹಲವು ಊರುಗಳಲ್ಲಿ ಸ್ಥಳೀಯ ಆಡಳಿತವೇ ನಡೆಸುವ ಎಂಒಟಿ ಕೇಂದ್ರಗಳು ಸಾರ್ವಜನಿಕರಿಗೂ ತೆರೆದಿವೆ. ಇವು ಸಾಮಾನ್ಯವಾಗಿ ಸಾರ್ವಜನಿಕರ ಕಾರುಗಳನ್ನು ರಿಪೇರಿ ಮಾಡುವುದಿಲ್ಲವಾದ್ದರಿಂದ ಇಲ್ಲದ ದೋಷ ಹುಡುಕುವ ಆಸೆಯೂ ಇರುವುದಿಲ್ಲ. ಪರೀಕ್ಷೆಯನ್ನು ಗಡುವಿಗೆ ಸುಮಾರು ಒಂದು ತಿಂಗಳು ಮುಂಚಿತವಾಗಿಯೇ ಮಾಡಿಸಿದರೂ ಮುಂದಿನ ವರ್ಷದ ದಿನಾಂಕ ಬದಲಾಗದು. ಹೀಗಾಗಿ ಎರಡು ಮೂರು ಕಡೆ ಬೆಲೆ ವಿಚಾರಿಸಲು ಸಮಯ ಸಿಗುತ್ತದೆ. ದೋಷ ಕಂಡ ಗ್ಯಾರೇಜಿನಲ್ಲೇ ಕಾರನ್ನು ಬಿಟ್ಟು ರಿಪೇರಿ ಮಾಡಿಸಿ, ಹತ್ತು ಕೆಲಸದ ದಿನಗಳೊಳಗೆ ಅಲ್ಲೇ ಮರುಪರೀಕ್ಷೆಯಾದರೆ ಅದಕ್ಕೆ ಶುಲ್ಕವಿಲ್ಲ.

ಬಿಡುವಾಗಲೂ, ಕೊಳ್ಳುವಾಗಲೂ

ಕಾರನ್ನು ಬಿಡಲೇಬೇಕೆಂದಾದರೆ ಗುಜರಿಗೆ ಕೊಡುವುದಕ್ಕೂ ಇಲ್ಲಿ ಕ್ರಮವಿದೆ. ಅಧಿಕೃತ ಕೇಂದ್ರಕ್ಕೇ ಒಪ್ಪಿಸಬೇಕು; ಅವರು ನಗದು ಕೊಡುವಂತಿಲ್ಲ, ಹಣ ಬ್ಯಾಂಕಿನ ಮೂಲಕವೋ ಚೆಕ್ಕಿನಲ್ಲೋ ಬರಬೇಕು. ಕಾರು ನಾಶವಾಯಿತೆಂಬ ಪ್ರಮಾಣಪತ್ರ ಪಡೆದು, ವಾಹನ ನೋಂದಣಿ ಸಂಸ್ಥೆಯಾದ ಡಿವಿಎಲ್‌ಎಗೆ ತಿಳಿಸಿದರೆ, ಮುಂಗಡವಾಗಿ ಕಟ್ಟಿದ ರಸ್ತೆ ತೆರಿಗೆಯಲ್ಲಿ ಉಳಿದ ಪೂರ್ಣ ತಿಂಗಳುಗಳ ಹಣ ಮರಳುತ್ತದೆ.

ಬ್ರಿಟನ್ನಿಗೆ ಬರುವ ಸಿದ್ಧತೆಯಲ್ಲಿರುವವರಿಗೂ ಇದರಲ್ಲಿ ಪಾಠವಿದೆ. ನಮ್ಮ ಚಾಲನಾ ಪರವಾನಗಿ ಇಲ್ಲಿ ನೆಲೆಸಿದ ಮೊದಲ ಹನ್ನೆರಡು ತಿಂಗಳಷ್ಟೇ ನಡೆಯುತ್ತದೆ; ಆ ಬಳಿಕ ಇಲ್ಲಿನ ಪರೀಕ್ಷೆ ಬರೆದು, ಕಾರು ಓಡಿಸಿ ತೋರಿಸಿ ಹೊಸ ಪರವಾನಗಿ ಪಡೆಯಬೇಕು. ಹೊಸಬರ ಮೊದಲ ವರ್ಷದ ವಿಮೆ ಕೆಲವೊಮ್ಮೆ ಹಳೆಯ ಕಾರಿನ ಬೆಲೆಯನ್ನೇ ಮೀರುತ್ತದೆ. ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋಗುವ ಮೊದಲು ಅದರ ನೋಂದಣಿ ಸಂಖ್ಯೆಯನ್ನು ಸರ್ಕಾರಿ ಜಾಲತಾಣದಲ್ಲಿ ನಮೂದಿಸಿದರೆ ಹಿಂದಿನ ಎಂಒಟಿಗಳ ಫಲಿತಾಂಶ, ಓಡಿದ ಮೈಲಿ, ಕೊಟ್ಟ ಸಲಹೆಗಳೆಲ್ಲ ಉಚಿತವಾಗಿ ಸಿಗುತ್ತವೆ. ತುಕ್ಕಿನ ಬಗ್ಗೆ ವರ್ಷ ವರ್ಷ ಅದೇ ಸಲಹೆ ಕಂಡರೆ, ಹಿಂದಿನ ಮಾಲೀಕ ಮುಂದೂಡಿದ ಖರ್ಚು ನಿಮಗಾಗಿ ಕಾದಿದೆ ಎಂದೇ ತಿಳಿಯಬೇಕು. ಕಾರು ಕೊಂಡ ಮೇಲೆ ತಿಂಗಳಿಗೆ ಐವತ್ತು ಅರವತ್ತು ಪೌಂಡನ್ನು ದುರಸ್ತಿಗೆಂದೇ ತೆಗೆದಿಟ್ಟರೆ ಎಂಒಟಿಯ ತಿಂಗಳು ಅಷ್ಟು ಭಾರವೆನಿಸದು.

ಹಾಸನದ ಆ ಅತ್ತೆಯವರಿಗೆ ಸೊಸೆ ಎರಡು ಸಾಲಿನ ಲೆಕ್ಕವನ್ನು ಫೋಟೊ ತೆಗೆದು ಕಳುಹಿಸಿದರಂತೆ. ಅವರ ಉತ್ತರ ಮರುದಿನ ಬಂತು: "ಹಂಗಾದ್ರೆ ಇರ್ಲಿ ಬಿಡಮ್ಮ. ಟೈರು ಮಾತ್ರ ಬೇಗ ಹಾಕಿಸ್ಕೊ, ರಾತ್ರಿ ಹೊತ್ತು ಒಬ್ಬಳೇ ಬರ್ತೀಯ." ಟೈರುಗಳನ್ನು ಅದೇ ವಾರ ಬದಲಿಸಲಾಯಿತು.